ಮ್ಹಾಪಸಾದಲ್ಲಿ ಕೇಳಿಸಿಕೊಂಡದ್ದು

ಬೆಳಗಾವಿಯನ್ನು ಬಿಟ್ಟು, ಜಾಂಬೋಟಿಯನ್ನು ದಾಟಿ, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಕುಳಿತಲ್ಲಿಂದಲೇ ಕೈಮುಗಿದು, ಚೋರ್ಲಾ ಘಟ್ಟದ ತಿರುವುಗಳನ್ನು ಇಳಿಯತೊಡಗಿದಾಗ ಬಯಲುಸೀಮೆಯ ಮನುಷ್ಯನಿಗೆ ತಾನು ಬೇರೊಂದು ಋತುವಿನೊಳಗೆ ಕಾಲಿಡುತ್ತಿರುವಂತೆ ಭಾಸವಾಗುವುದು. ವೈಶಾಖದ ಉರಿಯಲ್ಲಿ ಧಾರವಾಡದ ಸುತ್ತಲಿನ ಎರೆಹೊಲಗಳು ಬಿರುಕುಬಿಟ್ಟು ಮಳೆಯ ದಾರಿ ನೋಡುತ್ತಿದ್ದ ದಿನಗಳವು. ಇಲ್ಲಿ ಘಟ್ಟದ ಬುಡದಲ್ಲಿ ಅಂಜುಣೆ ಅಣೆಕಟ್ಟಿನ ನೀರು ಕಾಡಿನ ನಡುವೆ ಬಿದ್ದುಕೊಂಡು ಹೊಳೆಯುತ್ತಿತ್ತು. ಪಕ್ಕದ ಆಸನದಲ್ಲಿದ್ದ ಗೋವೆಯ ಗೃಹಸ್ಥರೊಬ್ಬರು ನಾನು ಕನ್ನಡಿಗನೆಂದು ತಿಳಿದೊಡನೆ, ನಮ್ಮ ಮಹದಾಯಿಯ ನೀರನ್ನು ಒಯ್ಯಲು ಬಂದಿರಾ ಎಂದು ನಗುತ್ತಲೇ ಕೇಳಿದರು. 2018ರಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಗೊತ್ತುಮಾಡಿದ ಸಂಗತಿ ಅವರಿಗೆ ದಶಾಂಶಸಹಿತವಾಗಿ ಕಂಠಸ್ಥವಾಗಿತ್ತು. ನಾನು ನೀರಿಗಾಗಿ ಬಂದವನಲ್ಲ, ಕಲಿಯುವುದಕ್ಕೆಂದು ಹೊರಟವನು ಎಂದೆನು. ಏನನ್ನು ಕಲಿಯುವುದಕ್ಕೆ ಎಂಬ ಅವರ ಮರುಪ್ರಶ್ನೆಗೆ ನಾನು ಮಾತುಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಸಾಂಖಳಿ ಬಂದಿತು, ಅವರು ಇಳಿದುಹೋದರು. ಆ ಪ್ರಶ್ನೆ ಮಾತ್ರ ನನ್ನೊಡನೆ ಮುಂದಕ್ಕೆ ಪ್ರಯಾಣ ಮಾಡಿತು. ಊರಿಗೆ ಮರಳಿದ ಮೇಲೂ ಇಳಿದುಹೋಗಿಲ್ಲ.

ಹಳ್ಳಿಗಾಡಿನ ಹೆಣ್ಣುಮಕ್ಕಳಿಗಾಗಿ ನಡೆಯುವ ಒಂದು ಚಿಕ್ಕ ವಸತಿನಿಲಯದ ಕಾರ್ಯದರ್ಶಿತ್ವವು, ಶಾಲೆಯಿಂದ ನಿವೃತ್ತನಾದ ಬಳಿಕ, ಬೇಡವೆಂದರೂ ನನ್ನ ಪಾಲಿಗೆ ಬಂದಿದೆ. ಸ್ವಯಂಸೇವಾ ಸಂಸ್ಥೆಗಳನ್ನು ನಡೆಸುವವರಿಗೂ ಅವುಗಳಲ್ಲಿ ದುಡಿಯುವವರಿಗೂ ಕೂಡಿಯೇ ಒಂದು ತರಬೇತಿ ಗೋವೆಯ ಮ್ಹಾಪಸಾದಲ್ಲಿ ನಡೆಯಲಿದೆಯೆಂಬ ಕಾಗದ ಬಂದಾಗ, ಸಜ್ಜನರೂ ಮಿತವ್ಯಯಿಗಳೂ ಆದ ನಮ್ಮ ಖಜಾಂಚಿಯವರು ಅದನ್ನು ಎರಡು ಸಲ ಓದಿ, ಸೇವೆ ಮಾಡುವುದನ್ನು ಕಲಿಸುವುದೆಂದರೇನು, ಅದು ಮನಸ್ಸಿನಲ್ಲಿ ಇರಬೇಕಾದದ್ದಲ್ಲವೆ, ಹೋಗಿಬರುವ ಖರ್ಚಿನಲ್ಲಿ ಮಕ್ಕಳಿಗೆ ಜೋಳದ ಚೀಲವಾದರೂ ಬರುತ್ತಿತ್ತು ಎಂದರು. ಅವರ ಮಾತಿನಲ್ಲಿ ದುರ್ಭಾವವಿರಲಿಲ್ಲ. ಕನ್ನಡನಾಡಿನ ಯಾವ ಊರಿನ ಯಾವ ಕಾರ್ಯಕಾರಿ ಸಮಿತಿಯಲ್ಲಿ ಕುಳಿತರೂ ಈ ಮಾತು ಕೇಳಿಬರುವುದು. ಸೇವೆಗೆ ಹೃದಯವೊಂದು ಸಾಕು, ವಿದ್ಯೆ ಬೇಕಿಲ್ಲ ಎಂಬ ಈ ನಂಬಿಕೆಯು ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ ಅದನ್ನು ಪ್ರಶ್ನಿಸುವವನು ಹೃದಯಹೀನನಂತೆ ಕಾಣಿಸುವನು.

ನಮ್ಮ ಹಿಂದಿನವರು ಹಾಗೆ ಭಾವಿಸಿರಲಿಲ್ಲವೆಂಬುದು ಸೋಜಿಗ. 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ ಗೋಪಾಲಕೃಷ್ಣ ಗೋಖಲೆಯವರು, ಸದಸ್ಯನಾಗಿ ಬರುವವನು ಮೊದಲಿನ ಐದು ವರ್ಷ ವಿಶೇಷ ಶಿಕ್ಷಣವನ್ನು ಪಡೆಯತಕ್ಕದ್ದೆಂದು ನಿಯಮವನ್ನೇ ಮಾಡಿದ್ದರು. ಅಂಕೋಲೆಯ ದಿನಕರ ದೇಸಾಯಿಯವರು, ಕೆನರಾ ವೆಲ್ಫೇರ್ ಟ್ರಸ್ಟಿನ ಮೂಲಕ ಉತ್ತರಕನ್ನಡಕ್ಕೆಲ್ಲ ಶಾಲೆಗಳನ್ನು ಹಂಚಿದವರು, ಆ ಸಮಾಜದ ಸದಸ್ಯರೇ. ನಾನು ಬಸ್ಸು ಹತ್ತಿದ ಬೆಳಗಾವಿಯಲ್ಲಿಯೇ 1924ರ ಕಾಂಗ್ರೆಸ್ ಅಧಿವೇಶನದಲ್ಲಿ ಡಾ. ನಾ. ಸು. ಹರ್ಡೀಕರರ ಸ್ವಯಂಸೇವಕರು ಜನಸಂದಣಿಯನ್ನು ಸಂಭಾಳಿಸಿದ್ದು. ಅದಕ್ಕೆ ಹಿಂದಿನ ವರ್ಷವಷ್ಟೇ ಹುಟ್ಟಿ ಹುಬ್ಬಳ್ಳಿಯನ್ನು ನೆಲೆಯಾಗಿ ಮಾಡಿಕೊಂಡಿದ್ದ ಹಿಂದುಸ್ತಾನಿ ಸೇವಾದಳದ ಮುಖ್ಯ ಉದ್ದೇಶವೇ ಸೇವಕನಿಗೆ ಶಿಕ್ಷಣ ಕೊಡುವುದಾಗಿತ್ತು. ಐದು ವರ್ಷದ ಶಿಕ್ಷಣವನ್ನು ಅವಶ್ಯವೆಂದು ಬಗೆದ ನಾಡು ಐದು ದಿನದ ಶಿಕ್ಷಣವನ್ನು ದುಂದು ಎನ್ನುವ ಸ್ಥಿತಿಗೆ ಹೇಗೆ ಬಂದಿತೋ, ಅದನ್ನು ಚರಿತ್ರಕಾರರು ಹೇಳಬೇಕು.

ಶುಕ್ರವಾರ ಮ್ಹಾಪಸಾದ ಸಂತೆಯ ದಿನ. ಮಳೆಗಾಲಕ್ಕೆ ಸಾಮಗ್ರಿ ಕೂಡಿಡುವ ಕಾಲವೂ ಅದೇ ಆಗಿದ್ದುದರಿಂದ ಪೇಟೆಯಲ್ಲಿ ಕಾಲಿಡಲು ಎಡೆಯಿರಲಿಲ್ಲ. ಒಣಮೀನಿನ ರಾಶಿ, ಸೋಲಾ ಎಂದು ಅವರು ಕರೆಯುವ ಮುರುಗಲ ಸಿಪ್ಪೆ, ಕೆಂಪು ಮೆಣಸಿನಕಾಯಿ, ತೆಂಗಿನ ಕಪ್ಪು ಬೆಲ್ಲ, ಡಿಚೋಲಿಯ ಮಣ್ಣಿನ ಮಡಕೆ, ಹಗ್ಗಕ್ಕೆ ಜೋತುಬಿದ್ದ, ಕ್ರೈಸ್ತರು ಮಾಡುವ ಚೌರೀಸ್ ಎಂಬ ಮಾಂಸದ ಸಾಸೇಜುಗಳು, ಸಮೀಪದ ಮೊಯ್ರೆ ಗ್ರಾಮದಿಂದ ಬಂದ ಮೊಳದುದ್ದದ ಬಾಳೆಹಣ್ಣು. ಕಾಯಿಪಲ್ಲೆಯ ಸಾಲಿಗೆ ಬಂದೊಡನೆ ನನಗೆ ಸ್ವದೇಶಕ್ಕೆ ಮರಳಿದಂತಾಯಿತು. ಗೋವೆಯ ಅಡುಗೆಮನೆಗೆ ಬದನೆಯೂ ಕೋಸೂ ಹಸಿಮೆಣಸೂ ಬಹುಮಟ್ಟಿಗೆ ಬೆಳಗಾವಿಯ ಹೊಲಗಳಿಂದಲೇ ಬರುವುದರಿಂದ, ಅಲ್ಲಿ ಚೌಕಾಸಿಯೂ ಅರ್ಧ ಕನ್ನಡದಲ್ಲಿ ನಡೆಯುತ್ತಿತ್ತು. ಆ ಸಾಲಿನ ಕೊನೆಯಲ್ಲಿ, ಕನ್ನಡಿಬಿಲ್ಲೆಗಳನ್ನು ಕೂರಿಸಿದ ಚೀಲಗಳನ್ನು ಹರಡಿಕೊಂಡು, ಗದಗಿನ ಕಡೆಯ ಲಂಬಾಣಿ ಮುದುಕಿಯೊಬ್ಬಳು ಕುಳಿತಿದ್ದಳು.

“ಯಾವೂರ್ರೀ ಯಪ್ಪಾ?” ಎಂದಳು. ಹೇಳಿದೆನು. “ತಿರಗಾಡಾಕ ಬಂದೀರೇನು?” ಅಲ್ಲ, ತರಬೇತಿಗೆ ಎಂದೆನು, ಅದೆಂತಹದೆಂದು ಆಕೆಗೆ ಬಿಡಿಸಿಯೂ ಹೇಳಿದೆನು. ಆಕೆ ಸೂಜಿಯನ್ನು ನಿಲ್ಲಿಸದೆ ಕೇಳಿದಳು.

“ಈ ವಯಸ್ಸಿನ್ಯಾಗ ಸಾಲಿಗಿ ಹೊಂಟೀರಿ ಅಂದಂಗಾತು. ಹೋಗ್ರಿ, ಚಲೋದ ಆತು. ನಾ ಈ ಹೊಲಿಗಿ ಕಲ್ತಿದ್ದು ನಮ್ಮವ್ವನ ಮಗ್ಗಲದಾಗ ಕುಂತು. ತಪ್ಪಿದ್ರ ಬಿಚ್ಚಸ್ತಿದ್ಲು. ಮಗ್ಗಲದಾಗ ಕುಂತು ಬಿಚ್ಚಸಾವ್ರು ಇರಬೇಕು ನೋಡ್ರಿ. ನಿಮ್ಗ ಅಲ್ಲಿ ಯಾರದಾರ?”

ಅಲ್ಲಿ ಯಾರಿರುವರೋ ನನಗೂ ತಿಳಿದಿರಲಿಲ್ಲ. ಒಂದು ಚೀಲವನ್ನು ಕೊಂಡು, ಆಲ್ತಿನೋ ಗುಡ್ಡವನ್ನು ಏರಿದೆನು.

ತರಬೇತಿ ಏರ್ಪಟ್ಟಿದ್ದುದು ಪೋರ್ತುಗೀಸರ ಕಾಲದ ಒಂದು ಹಂಚಿನ ಮನೆಯ ಪಡಸಾಲೆಯಲ್ಲಿ. ಕಿಟಕಿಗಳಿಗೆ ಗಾಜಿನ ಬದಲು ಸಮುದ್ರದ ತೆಳ್ಳನೆಯ ಚಿಪ್ಪನ್ನು ಕತ್ತರಿಸಿ ಕೂರಿಸಿದ್ದರಾಗಿ, ಹೊರಗಿನ ಬಿಸಿಲು ಒಳಗೆ ಬರುವ ಹೊತ್ತಿಗೆ ಹಾಲಿನಂತಾಗಿ ಬರುತ್ತಿತ್ತು. ಗೋವೆಯವರು ಹೆಚ್ಚು, ಸಿಂಧುದುರ್ಗದಿಂದ ಕೆಲವರು, ಕನ್ನಡಿಗರು ನಾವು ಬೆರಳೆಣಿಕೆಯವರು. ಕೊಂಕಣಿ, ಮರಾಠಿ, ಹಿಂದಿ ಮೂರನ್ನೂ ಬೆರೆಸಿ ಮಾತು ಸಾಗುತ್ತಿತ್ತು, ಮಧ್ಯೆ ನನ್ನ ಧಾರವಾಡದ ಹಿಂದಿಯೂ ಸೇರಿ ಎಲ್ಲರಿಗೂ ಸ್ವಲ್ಪ ವಿನೋದವಾಯಿತು. ಮೊದಲಿನ ಗೋಷ್ಠಿಗಳು ಲೆಕ್ಕಪತ್ರ, ವಾರ್ಷಿಕ ವರದಿ, ಆದಾಯಕರದ ವಿನಾಯಿತಿ ಇವುಗಳಿಗೆ ಮೀಸಲಾಗಿದ್ದವು. ಅವು ಪ್ರಯೋಜನಕರವಾದವೇ, ಆದರೆ ಅವನ್ನು ವರ್ಣಿಸಿ ವಾಚಕರನ್ನು ದಣಿಸೆನು.

ನನ್ನನ್ನು ಕಾಡಿದ್ದು ಬೇರೆಯೇ ಒಂದು ಗೋಷ್ಠಿ. ಅದನ್ನು ನಡೆಸಿದವಳು ಬಾರ್ದೇಸ್ ತಾಲ್ಲೂಕಿನವಳೇ ಆದ ನಡುವಯಸ್ಸಿನ ಹೆಂಗಸು. ಆಕೆ ತನ್ನ ಮಾತನ್ನು ಮ್ಹಾಪಸಾದಿಂದ ಅಷ್ಟೇನೂ ದೂರವಲ್ಲದ ಪರ್ವರಿಯ ‘ಸಂಗಾತ್’ ಸಂಸ್ಥೆಯ ಕಥೆಯಿಂದ ಆರಂಭಿಸಿದಳು. 1996ರಲ್ಲಿ ಡಾ. ವಿಕ್ರಮ ಪಟೇಲರೂ ಅವರ ಸಂಗಡಿಗರೂ ಕಟ್ಟಿದ ಈ ಸಂಸ್ಥೆಯು, ಮನಸ್ಸಿನ ಬೇನೆಗೆ ವೈದ್ಯರೇ ದೊರಕದ ದೇಶದಲ್ಲಿ, ವೈದ್ಯಶಾಸ್ತ್ರದ ಗಂಧವೂ ಇಲ್ಲದ ಸಾಮಾನ್ಯ ಜನರಿಗೆ ಆಪ್ತಸಲಹೆಯ ಕ್ರಮವನ್ನು ಕಲಿಸಿ ಆರೋಗ್ಯಕೇಂದ್ರಗಳಲ್ಲಿ ಕೂರಿಸಿದರೆ ಏನಾದೀತೆಂದು ಪರೀಕ್ಷಿಸಲು ಹೊರಟಿತು. ಗೋವೆಯ 24 ಚಿಕಿತ್ಸಾಲಯಗಳಲ್ಲಿ ಪ್ರಯೋಗ ನಡೆಯಿತು; ಫಲಿತಾಂಶವು 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಕಾರಿ ಆರೋಗ್ಯಕೇಂದ್ರಗಳ ಮಟ್ಟಿಗೆ ಹೇಳುವುದಾದರೆ, ಇಂತಹ ಸಲಹೆಗಾರರಿದ್ದ ಕಡೆ ಆರು ತಿಂಗಳಲ್ಲಿ ಚೇತರಿಸಿಕೊಂಡವರು ನೂರಕ್ಕೆ 65.9, ಅವರಿಲ್ಲದ ಕಡೆ 42.5. ಇಷ್ಟಾಗಿಯೂ ಖಾಸಗಿ ವೈದ್ಯರಲ್ಲಿಗೆ ಹೋದವರಲ್ಲಿ ಇಂತಹ ಅಂತರವೇನೂ ಕಾಣಲಿಲ್ಲವೆಂಬುದನ್ನು ಆಕೆ ಮರೆಮಾಚದೆ ಹೇಳಿದಳು. ಈ ಪ್ರಾಮಾಣಿಕತೆಯಿಂದಲೇ ನನಗೆ ಆಕೆಯಲ್ಲಿ ವಿಶ್ವಾಸ ಹುಟ್ಟಿತು.

ಅಂಕಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಗಾತ್‌ನ ಮುಂದಿನ ಪ್ರಯೋಗಗಳಲ್ಲಿ ಆ ಸಲಹೆಗಾರರ ಕಲಿಕೆಯನ್ನು ಜೀವಂತವಾಗಿ ಇಟ್ಟುಕೊಂಡ ರೀತಿ. ತರಬೇತಿ ಮುಗಿದು ಪ್ರಮಾಣಪತ್ರ ಕೈಗೆ ಬಂದಲ್ಲಿಗೆ ಅದು ಮುಗಿಯಲಿಲ್ಲ. ರೋಗಿಯ ಒಪ್ಪಿಗೆಯಿಂದ ಧ್ವನಿಮುದ್ರಿಸಿದ ತಮ್ಮ ಸಂಭಾಷಣೆಗಳನ್ನು ಅವರು ಗುಂಪಿನಲ್ಲಿ ಕುಳಿತು ಕೇಳುವರು. ಮೇಲಿನ ಪರಿಣತನಷ್ಟೇ ಅಲ್ಲ, ಸರಿಸಮಾನರಾದ ಸಂಗಡಿಗರೇ ಒಬ್ಬರ ಕೆಲಸವನ್ನೊಬ್ಬರು ಅಳೆಯುವರು. ಎಲ್ಲಿ ಕೇಳಬೇಕಾಗಿತ್ತು, ಎಲ್ಲಿ ಸುಮ್ಮನಿರಬೇಕಾಗಿತ್ತು, ಎಲ್ಲಿ ಉಪದೇಶ ಹೆಚ್ಚಾಯಿತು ಎಂಬುದೆಲ್ಲ ಗೊತ್ತುಪಡಿಸಿದ ಮಾನದಂಡದಂತೆ ಪರಿಶೀಲಿತವಾಗುವುದು.

ಅದನ್ನೇ ನಮ್ಮಿಂದಲೂ ಮಾಡಿಸಿದರು. ಕಷ್ಟದಲ್ಲಿದ್ದವರ ಮಾತನ್ನು ಪರರ ಕಿವಿಗೆ ಹಾಕಬಾರದೆಂದು, ಇಬ್ಬರು ಕಾರ್ಯಕರ್ತೆಯರು ಪಾತ್ರ ವಹಿಸಿ ಆಡಿದ ಸಂಭಾಷಣೆಯನ್ನು ಧ್ವನಿಮುದ್ರಿಸಿ ಕೇಳಿಸಿದರು. ಒಬ್ಬಳು ಗಂಡನನ್ನು ಕಳೆದುಕೊಂಡ ಮೀನುಗಾರ್ತಿ. ಕುಡಾಳದ ಕಡೆಯ ಇನ್ನೊಬ್ಬ ಹುಡುಗಿ ತನ್ನ ನಿಜವಾದ ಉದ್ಯೋಗವನ್ನೇ, ಅಂದರೆ ಸಂಸ್ಥೆಯ ಕಾರ್ಯಕರ್ತೆಯ ಕೆಲಸವನ್ನೇ, ನಟಿಸಿದಳು. ಸೊಗಸಾದ ದನಿ, ಮುಖದಲ್ಲಿ ಕರುಣೆ, ಮಾತಿನಲ್ಲಿ ಚುರುಕು. ನಮಗೆಲ್ಲ ಬಹಳ ಮೆಚ್ಚಿಗೆಯಾಯಿತು. ಮರಳಿ ಕೇಳಿಸಿದಾಗ ಮೂಲೆಯಲ್ಲಿದ್ದ ವೃದ್ಧೆಯೊಬ್ಬಳು, ಶಾಲೆಯ ಮೆಟ್ಟಲನ್ನು ಹೆಚ್ಚು ತುಳಿದಂತೆ ತೋರದವಳು, ಕೈಯೆತ್ತಿ ಮೆಲ್ಲನೆ ಅಂದಳು: “ಬಾಯ್, ಅವಳು ರಾತ್ರಿಯೆಲ್ಲ ನಿದ್ದೆ ಬಾರದು ಅಂದಳು. ನೀನು ರೇಷನ್ ಕಾರ್ಡು ಇದೆಯೇ ಅಂತ ಕೇಳಿದೆ.”

ಪಡಸಾಲೆ ನಿಶ್ಶಬ್ದವಾಯಿತು. ಹುಡುಗಿ ಅವಮಾನಿತಳಾಗಿ ಎದ್ದುಹೋಗುವಳೆಂದು ನಾನು ಎಣಿಸಿದೆನು. ಆಕೆ, ಆ ಭಾಗವನ್ನು ಇನ್ನೊಮ್ಮೆ ಹಾಕಿರಿ ಎಂದಳು. ಇನ್ನೊಮ್ಮೆ ಕೇಳಿದೆವು. ಮೂರನೆಯ ಸಲವೂ ಆಕೆಯೇ ಕೇಳಿಕೊಂಡಳು. ಆಮೇಲೆ ತನ್ನ ಪುಸ್ತಕದಲ್ಲಿ ಏನನ್ನೋ ಗೀಚಿಕೊಂಡು, ನಮ್ಮ ಸಂಸ್ಥೆಯಲ್ಲಿ ಪ್ರತಿ ತಿಂಗಳೂ ನಾನು ಎಷ್ಟು ಮನೆಗಳಿಗೆ ಹೋದೆನೆಂದು ಬರೆಸಿಕೊಳ್ಳುವರು, ಅಲ್ಲಿ ಏನಾಯಿತೆಂದು ಈವರೆಗೆ ಯಾರೂ ಕೇಳಿಲ್ಲ ಎಂದಳು. ದೂರಿನ ದನಿಯಲ್ಲ, ಈಗಷ್ಟೇ ಗೊತ್ತಾದ ಸಂಗತಿಯೊಂದನ್ನು ಹೇಳುವ ದನಿ.

ನಾನು ನಮ್ಮ ವಸತಿನಿಲಯವನ್ನು ನೆನೆದೆನು. ಅಲ್ಲಿಯ ಮೇಲ್ವಿಚಾರಕಿ ರಾತ್ರಿ ಊಟವಾದ ಬಳಿಕ ಹುಡುಗಿಯರ ನಡುವೆ ಕೂರುವಳು. ಮನೆಯ ನೆನಪಿನಿಂದ ಅಳುವವಳು, ಮದುವೆಗೆ ಕರೆಯಲು ಬಂದ ಅಪ್ಪನಿಗೆ ಹೆದರಿ ಅಡಗಿದವಳು, ಪರೀಕ್ಷೆಯಲ್ಲಿ ನಪಾಸಾಗಿ ಊಟ ಬಿಟ್ಟವಳು, ಎಲ್ಲರೂ ಆಕೆಯ ಪಾಲಿಗೆ. ಆ ಹೊತ್ತಿನಲ್ಲಿ ಏನು ಹೇಳಬೇಕೆಂದು ಆಕೆಗೆ ಹೇಳಿಕೊಟ್ಟವರಿಲ್ಲ, ಹೇಳಿದ್ದು ಸರಿಯೇ ಎಂದು ಪಕ್ಕದಲ್ಲಿ ಕುಳಿತು ಕೇಳಿದವರೂ ಇಲ್ಲ. ಜೋಳದ ಚೀಲದ ರಸೀತಿಗೆ ಲೆಕ್ಕಪರಿಶೋಧಕರು ವರ್ಷವರ್ಷವೂ ಬರುವರು. ಸೇವೆಯಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ ಯಾವುದೋ ಅದನ್ನೇ ನಾವು ಹೃದಯಕ್ಕೆ ಬಿಟ್ಟು ಕೈತೊಳೆದುಕೊಂಡಿರುವೆವು. ಹೃದಯ ದಣಿಯುವುದೆಂಬುದು ನಮ್ಮ ಲೆಕ್ಕಕ್ಕೆ ಸಿಕ್ಕಿಲ್ಲ.

ಮಧ್ಯಾಹ್ನದ ಊಟಕ್ಕೆ ಅನ್ನ, ಮೀನಿನ ಸಾರು. ನಮ್ಮಂತಹ ಶಾಕಾಹಾರಿಗಳಿಗೆ ಬಟಾಣಿಯ ಪಾತಳ ಭಾಜಿ, ಗೋದಿಯ ತೌಡು ಮೆತ್ತಿದ ಪೊಯ್ ಎಂಬ ರೊಟ್ಟಿ, ಕಡೆಯಲ್ಲಿ ನಸುಗೆಂಪು ಸೋಲ್ಕಡಿ. ಕಟಕಟ ರೊಟ್ಟಿಗೆ ಒಗ್ಗಿದ ನನ್ನ ಹಲ್ಲುಗಳು ಪೊಯ್ಯ ಮೆತ್ತನೆಯ ಒಳಗನ್ನು ಮೊದಲಿಗೆ ಅಪನಂಬಿಕೆಯಿಂದಲೇ ಸ್ವೀಕರಿಸಿದವು. ಸೋಲ್ಕಡಿಯ ವಿಷಯದಲ್ಲಿ ಮಾತ್ರ ಜಗಳವೇನೂ ಆಗಲಿಲ್ಲ, ಎರಡು ಸಲ ಕೇಳಿ ಕುಡಿದೆನು. ಎದುರಿಗೆ ಕುಳಿತಿದ್ದ ಸಿಂಧುದುರ್ಗದ ಸಂಸ್ಥೆಯೊಂದರ ಲೆಕ್ಕಿಗರು ಊಟದ ನಡುವೆ ಹಣದ ಮಾತು ತೆಗೆದರು. ವಿದೇಶೀ ದೇಣಿಗೆಯ ಕಾನೂನಿಗೆ 2020ರಲ್ಲಿ ತಿದ್ದುಪಡಿಯಾಗಿ, ಆಡಳಿತವೆಚ್ಚದ ಮಿತಿಯು ನೂರಕ್ಕೆ 50ರಿಂದ 20ಕ್ಕೆ ಇಳಿದಿದೆ. ದೇಣಿಗೆ ಪಡೆದ ದೊಡ್ಡ ಸಂಸ್ಥೆಯು ಅದರಲ್ಲೊಂದು ಪಾಲನ್ನು ಹಳ್ಳಿಯ ಚಿಕ್ಕ ಸಂಸ್ಥೆಗೆ ದಾಟಿಸುವ ಹಾದಿಯೂ ಮುಚ್ಚಿದೆ. 2013ರ ಕಂಪನಿ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಲಾಭದ ನೂರಕ್ಕೆ 2ನ್ನು ಸಮಾಜಕಾರ್ಯಕ್ಕೆ ತೆಗೆದಿಡಬೇಕು, ನಿಜ. ಅಲ್ಲಿಯೂ ಆಡಳಿತಕ್ಕೆಂದು ತೋರಿಸಬಹುದಾದದ್ದು ನೂರಕ್ಕೆ 5. ದಾನದ ಹೆಸರಿನಲ್ಲಿ ತಿಂದು ತೇಗಿದವರು ಇದ್ದರಾದ್ದರಿಂದ ಬಿಗಿ ಬೇಡವೆಂದು ನಾನು ಹೇಳಲಾರೆನು. ಆದರೆ ಕಟ್ಟಡದ ಇಟ್ಟಿಗೆ ಸೇವೆಯ ಲೆಕ್ಕಕ್ಕೆ, ಕಾರ್ಯಕರ್ತೆಯ ಕಲಿಕೆ ಆಡಳಿತದ ಲೆಕ್ಕಕ್ಕೆ ಬರೆಯಲ್ಪಡುವ ಈ ವ್ಯವಸ್ಥೆಯಲ್ಲಿ ಗೋಖಲೆಯವರ ಐದು ವರ್ಷದ ಶಿಕ್ಷಣವನ್ನು ಯಾವ ಅಂಕಣದಲ್ಲಿ ತುಂಬುತ್ತಿದ್ದರೋ ಎಂದು ಲೆಕ್ಕಿಗರನ್ನು ಕೇಳಿದೆನು. ಅವರು ನಕ್ಕು, ಗೋಖಲೆಯವರಿಗೆ ನೋಟೀಸು ಬರುತ್ತಿತ್ತು ಎಂದರು.

ಬಿಡುವಿನ ಒಂದು ಸಂಜೆ ‘ಅದರ್ ಇಂಡಿಯಾ’ ಪುಸ್ತಕದಂಗಡಿಯನ್ನು ಕಾಣಬೇಕೆಂಬ ಬಹುದಿನದ ಆಸೆ ಮನಸ್ಸಿಗೆ ಬಂದಿತು. ಮ್ಹಾಪಸಾ ಕ್ಲಿನಿಕ್ಕಿನ ಮಹಡಿಯ ಮೇಲೆ ಎಂಬ ಅದರ ವಿಳಾಸವನ್ನು ಪುಸ್ತಕಗಳ ಬೆನ್ನಪುಟದಲ್ಲಿ ಎಷ್ಟೋ ಸಲ ಓದಿದ್ದೆನು. ಕ್ಲಾಡ್ ಆಲ್ವಾರೆಸ್, ನಾರ್ಮಾ ಆಲ್ವಾರೆಸ್ ದಂಪತಿಗಳ ಹೆಸರಿನೊಡನೆ ಹೆಣೆದುಕೊಂಡ ‘ಗೋವಾ ಫೌಂಡೇಶನ್’ 1986ರಲ್ಲಿ ಹುಟ್ಟಿ ಬೆಳೆದದ್ದೂ ಈ ಚಿಕ್ಕ ಪೇಟೆಯಲ್ಲಿಯೇ. ಸಾಂಖಳಿ ಡಿಚೋಲಿಗಳ ನಡುವೆ ನಾನು ಬಸ್ಸಿನಿಂದ ಕಂಡ ಕೆಂಪು ಗುಡ್ಡಗಳ ಅದಿರಿನ ಕಥೆಯನ್ನು ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. 2012ರಲ್ಲಿ ಗೋವೆಯ ಗಣಿಗಳು ನಿಂತವು, 2018ರ ಫೆಬ್ರವರಿಯಲ್ಲಿ 88 ಗುತ್ತಿಗೆಗಳ ನವೀಕರಣ ರದ್ದಾಯಿತು. ಇದೇ ದಾರಿಯನ್ನು ಅದಕ್ಕೆ ಮೊದಲೇ ತುಳಿದವರು ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು: ಬಳ್ಳಾರಿಯ ಗಣಿಗಳ ಮೇಲೆ 2009ರಲ್ಲಿ ಮೊಕದ್ದಮೆ ಹೂಡಿದ ಎಸ್. ಆರ್. ಹಿರೇಮಠರ ಸಂಸ್ಥೆ. ಒಂದು ಘಟ್ಟದ ಮೇಲಿನ ಊರು, ಇನ್ನೊಂದು ಕೆಳಗಿನ ಊರು. ನೀರಿಗಾಗಿ ಪರಸ್ಪರ ಕಣ್ಣು ಕೆಂಪಾಗಿಸಿಕೊಂಡಿರುವ ಎರಡು ರಾಜ್ಯಗಳು. ಆದರೆ ಮಣ್ಣಿನ ಪ್ರಶ್ನೆ ಬಂದಾಗ ಎರಡೂ ಕಡೆ ಕೆಲವೇ ಜನ ಗುತ್ತಿಗೆಯ ಕಡತವನ್ನೂ ಅರಣ್ಯದ ನಕಾಶೆಯನ್ನೂ ಓದುವುದನ್ನು ಕಲಿತು ಕುಳಿತಿದ್ದರು. ಆವೇಶವಷ್ಟೇ ಇದ್ದಿದ್ದರೆ ಒಂದು ಮೆರವಣಿಗೆಯಾಗಿ ಮುಗಿಯುತ್ತಿತ್ತು.

ಆ ವಿದ್ಯೆಯನ್ನು ಅವರು ಕಲಿತ ಶಾಲೆ ಯಾವುದೆಂದು ಯೋಚಿಸುತ್ತ ನಡೆದೆನು. ಪಶ್ಚಿಮ ಘಟ್ಟವನ್ನು ಉಳಿಸಿರೆಂಬ ಪಾದಯಾತ್ರೆಯಲ್ಲಿ 1987ರ ನವೆಂಬರ್ 1ರಂದು ಕನ್ಯಾಕುಮಾರಿಯಿಂದ ಒಂದು ತಂಡವೂ ಮಹಾರಾಷ್ಟ್ರದ ನವಾಪುರದಿಂದ ಇನ್ನೊಂದು ತಂಡವೂ ಹೊರಟು, ಸಹ್ಯಾದ್ರಿಯನ್ನು ಊರೂರಾಗಿ ನಡೆದು, 1988ರ ಫೆಬ್ರವರಿಯಲ್ಲಿ ಗೋವೆಯ ರಾಮನಾಥಿಯಲ್ಲಿ ಕೂಡಿದವು. ಅದೇ ನವೆಂಬರಿನ 14ರಂದು ನಮ್ಮ ಕುಸನೂರಿನಲ್ಲಿ ರೈತರು ನೀಲಗಿರಿಯ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಆ ದಿನಗಳಲ್ಲಿ ಕಿರಿಯ ಕಾರ್ಯಕರ್ತನಿಗೆ ಹಿರಿಯನ ಮಗ್ಗುಲಲ್ಲಿ ನಡೆಯುವುದೇ ಶಿಕ್ಷಣವಾಗಿತ್ತು. ಈಗ ಹಾಗೆ ಜೊತೆಯಲ್ಲಿ ನಡೆಯುವ ವ್ಯವಧಾನ ಹಿರಿಯರಲ್ಲಿಲ್ಲ, ಕಿರಿಯರು ಮೂರು ವರ್ಷದ ಯೋಜನೆ ಮುಗಿದೊಡನೆ ಬೇರೆ ಕಡೆ ಹೊರಟುಹೋಗುವರು. ತರಬೇತಿಯೆಂಬ ಏರ್ಪಾಟು ಬೇಕಾಗಿರುವುದು ಈ ತೆರವಿಗಾಗಿಯೇ ಇರಬೇಕು.

ಹಿಂದಿರುಗುವಾಗ ಮಿಲಾಗ್ರಿಸ್ ಇಗರ್ಜಿಯ ಮುಂದೆ ನಿಂತೆನು. ಅಲ್ಲಿಯ ಮಾತೆಯು ಶಿರಗಾವಿನ ಲಯರಾಯಿ ದೇವಿಯ ತಂಗಿಯೆಂದು ಹಿಂದುಗಳೂ ಕ್ರೈಸ್ತರೂ ಸಮನಾಗಿ ನಂಬುವರು. ಹಬ್ಬದಲ್ಲಿ ಹಿಂದುಗಳೂ ಎಣ್ಣೆಯೊಪ್ಪಿಸುವರು. ನನ್ನೊಡನಿದ್ದ ಗೋವೆಯ ಹಿರಿಯರು, ಅಂಗವಿಕಲ ಮಕ್ಕಳ ಶಾಲೆಯೊಂದನ್ನು ಕಟ್ಟಿದವರು, ಮೆಟ್ಟಲ ಮೇಲೆ ಕುಳಿತು ಇದನ್ನೆಲ್ಲ ಹೇಳಿದರು. ಗೋಷ್ಠಿಗಳಲ್ಲಿ ಇವರು ಹಿಂದಿನ ಸಾಲಿನಲ್ಲಿ ಕುಳಿತು ಒಂದು ಮಾತನ್ನೂ ಆಡದೆ, ತಮ್ಮ ಸಂಸ್ಥೆಯ ತರುಣಿಯನ್ನೇ ಎಲ್ಲದಕ್ಕೂ ಮುಂದೆ ಬಿಡುತ್ತಿದ್ದುದನ್ನು ಗಮನಿಸಿದ್ದ ನಾನು ಕಾರಣ ಕೇಳಿದೆನು.

“ನಾನು ಬಾಯಿಬಿಟ್ಟರೆ ಆಕೆ ನನ್ನ ಮುಖ ನೋಡುತ್ತಾಳೆ,” ಎಂದರು. “ಇನ್ನೆರಡು ವರ್ಷಕ್ಕೆ ಶಾಲೆ ಆಕೆಯದು. ಈ ತರಬೇತಿ ಆಕೆಗಲ್ಲ, ನನಗೆ. ಸುಮ್ಮನೆ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ, ಬಹಳ ಕಷ್ಟ.”

ನಮ್ಮ ಕಡೆಯ ಎಷ್ಟೋ ಸಂಸ್ಥೆಗಳು ಸ್ಥಾಪಕನ ಉಸಿರಿನೊಡನೆ ಉಸಿರು ಬಿಟ್ಟಿರುವುದನ್ನು ಕಂಡಿರುವ ನನಗೆ, ಈ ಅಭ್ಯಾಸಕ್ಕೆ ಯಾರೂ ಪ್ರಮಾಣಪತ್ರ ಕೊಡರಲ್ಲ ಎಂದು ವ್ಯಸನವಾಯಿತು. ಅವರು ಅಷ್ಟರಲ್ಲಿ ಎದ್ದು, ಪೊಯ್ ಮಾರುವವನ ಸೈಕಲ್ಲಿನ ಹಾರ್ನು ಕೇಳಿ ಅತ್ತ ನಡೆದರು.

ಊರಿಗೆ ಬಂದ ಮೇಲೆ ಸಮಿತಿಯ ಸಭೆ ಕರೆದು, ಕಾರ್ಯಕರ್ತರ ಶಿಕ್ಷಣಕ್ಕೆಂದು ಅಂದಾಜುಪಟ್ಟಿಯಲ್ಲಿ ಪ್ರತ್ಯೇಕವಾದ ಒಂದು ಸಾಲನ್ನು ಸೇರಿಸಬೇಕೆಂದು ಸೂಚಿಸಿದೆನು. ತಿಂಗಳಿಗೊಂದು ಸಂಜೆ ಮೇಲ್ವಿಚಾರಕಿಯೂ ನೆರೆಯ ಎರಡು ವಸತಿನಿಲಯಗಳ ಮೇಲ್ವಿಚಾರಕಿಯರೂ ಒಂದೆಡೆ ಕುಳಿತು ತಮ್ಮ ತಮ್ಮ ರಾತ್ರಿಯ ಮಾತುಗಳನ್ನು ಪರಸ್ಪರ ಹೇಳಿಕೊಳ್ಳಲಿ, ಅಲ್ಲಿಗೆ ಕಾರ್ಯದರ್ಶಿಯಾಗಲಿ ಸಮಿತಿಯವರಾಗಲಿ ಹೋಗಕೂಡದು ಎಂಬುದೂ ಸೂಚನೆಯ ಭಾಗ. ಖಜಾಂಚಿಯವರು ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಧರಿಸಿ, ಸಮಿತಿಯವರು ಹೋಗಕೂಡದೆಂದರೆ ಅಲ್ಲಿ ಏನು ನಡೆಯಿತೆಂದು ದಾಖಲೆಯೆಲ್ಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ, ಚಹದ ಖರ್ಚಿನ ರಸೀತಿ ಇರುವುದು ಎಂದೆನು. ಒಂದು ವರ್ಷದ ಮಟ್ಟಿಗೆ ಎಂಬ ಕರಾರಿನ ಮೇಲೆ ಠರಾವು ಪಾಸಾಯಿತು.

ಸಭೆಗೆ ಚಹ ತಂದಿದ್ದ ಅಡುಗೆಯ ಅಕ್ಕ ಬಾಗಿಲಲ್ಲಿಯೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಸರ್ರ, ಹುಡುಗ್ಯಾರು ಅಳೂದು ಮೊದ್ಲ ನನ್ನ ಮುಂದ. ಒಲಿ ಮುಂದ ಬಂದು ಕುಂದರ್ತಾವು. ನನಗ ಕಲಸೂದಿಲ್ಲೇನ್ರಿ?” ಎಂದಳು. ಆಕೆಯನ್ನೂ ತಿಂಗಳ ಆ ಸಂಜೆಯ ಕೂಟಕ್ಕೆ ಸೇರಿಸುವ ವಿಷಯವನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಬರೆದಿಟ್ಟಿದ್ದೇನೆ. ಆಕೆ ಹೋದ ಸಂಜೆ ಒಲೆಯ ಮುಂದೆ ಯಾರು ಎಂದು ಖಜಾಂಚಿಯವರು ಕೇಳಿಯೇ ಕೇಳುವರು, ಅದಕ್ಕಿನ್ನೂ ನನ್ನಲ್ಲಿ ಉತ್ತರವಿಲ್ಲ.